ಮರಿಗಿಂತ ಮೊದಲು ತಾಯಿಯನ್ನು ನೋಡಿ

ಹಸು ಕೊಳ್ಳಲು ಹೋದ ಮಲೆನಾಡಿನವರು ಕೆಚ್ಚಲು ಮುಟ್ಟಿ ನೋಡುತ್ತಾರೆ, ಸುಳಿ ನೋಡುತ್ತಾರೆ, ಇದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸುತ್ತಾರೆ. ಅದೇ ಮನೆಗೆ ಜಾತಿ ನಾಯಿ ತರುವಾಗ ಈ ಎಚ್ಚರವೆಲ್ಲ ಎಲ್ಲಿ ಹೋಗುತ್ತದೋ! ವಾಟ್ಸಾಪಿನಲ್ಲಿ ಬಂದ ಒಂದು ಫೋಟೊ, ಒಂದಷ್ಟು ಮುಂಗಡ, ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಗಾದರೆ ತೀರ್ಥಹಳ್ಳಿಯಲ್ಲಿ ಇಳಿಯುವ ತೂತು ಕೊರೆದ ರಟ್ಟಿನ ಪೆಟ್ಟಿಗೆ. ಕವಲೇದುರ್ಗದ ಕೋಟೆ ಬುಡದ ತೋಟದ ಮನೆಯಾಗಲಿ, ಹೊಸನಗರ, ಸಾಗರದ ಪೇಟೆ ಮನೆಯಾಗಲಿ, ಪಗ್, ಡ್ಯಾಶ್‌ಹಂಡ್, ಶಿಟ್ಜು ಈಗ ಅಪರೂಪವಲ್ಲ. ಪೆಟ್ಟಿಗೆ ಬಿಚ್ಚಿದಾಗ ಎಲ್ಲ ಮರಿಗಳೂ ಮುದ್ದಾಗಿಯೇ ಇರುತ್ತವೆ. ಅದನ್ನು ಹುಟ್ಟಿಸಿದವರು ಬಲ್ಲವರೋ, ಬರೀ ದುಡ್ಡಿಗೆ ಹುಟ್ಟಿಸಿದರೋ ಎಂಬುದು ಆ ಮುಖದಲ್ಲಿ ಕಾಣುವುದಿಲ್ಲ.

ನಮ್ಮ ಕಡೆ ತೀರಾ ಹಳೆಯ ಪುಟ್ಟ ಜಾತಿ ನಾಯಿ ಎಂದರೆ ಬಿಳಿ ಕೂದಲಿನ ‘ಪಮೇರಿಯನ್’. ಅವುಗಳಲ್ಲಿ ಬಹುಪಾಲು ಪಮೇರಿಯನ್ ಅಲ್ಲವೇ ಅಲ್ಲ, ಇಂಡಿಯನ್ ಸ್ಪಿಟ್ಜ್. ಪೂರ್ತಿ ಬೆಳೆದ ಪಮೇರಿಯನ್ ಎರಡರಿಂದ ಮೂರೂವರೆ ಕೆ.ಜಿ. ತೂಗುತ್ತದೆ, ಸ್ಪಿಟ್ಜ್ ಅದಕ್ಕಿಂತ ದೊಡ್ಡದು, ಮೂತಿ ಉದ್ದ, ನಮ್ಮ ಸೆಕೆಗೆ ಒಗ್ಗಿಕೊಂಡ ಗಟ್ಟಿ ನಾಯಿ. ವಿದೇಶಿ ನಾಯಿ ತರಿಸುವುದು ಕಷ್ಟವಾಗಿದ್ದ 1980–90ರ ದಶಕಗಳಲ್ಲಿ ಮನೆಮನೆಗೂ ಅದೇ ಬಂತು. 1994ರ ‘ಹಮ್ ಆಪ್ಕೆ ಹೈ ಕೌನ್’ ಚಿತ್ರದ ಟಫಿ ಕೂಡ ಅದೇ ಜಾತಿ. ಸ್ಪಿಟ್ಜ್ ಸಾಕುವುದರಲ್ಲಿ ಕೊರತೆ ಏನೂ ಇಲ್ಲ. ಆದರೆ ಸ್ಪಿಟ್ಜ್ ಮರಿಯನ್ನು ಪಮೇರಿಯನ್ ಬೆಲೆಗೆ ಮಾರುವವನು ತಂದೆತಾಯಿಯ ಬಗ್ಗೆ ನಿಜ ಹೇಳಿಯಾನು ಎಂದು ನಂಬುವುದು ಹೇಗೆ?

ನಾಯಿ ಚಿಕ್ಕದಾಗಿರುವುದೇ ಒಂದು ದೋಷ ಎಂದು ತಿಳಿಯಬೇಕಿಲ್ಲ. ದೇಹದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಐಜಿಎಫ್-1 ಎಂಬ ಜೀನಿನ ಒಂದು ರೂಪ ಪುಟ್ಟ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇದೆ ಎಂದು 2007ರಲ್ಲಿ ಗೊತ್ತಾಯಿತು. ಗಾತ್ರ ತಗ್ಗಿಸುವ ಈ ಗುಣ ಸೈಬೀರಿಯಾದ ಸುಮಾರು 54,000 ವರ್ಷ ಹಿಂದಿನ ತೋಳವೊಂದರಲ್ಲೂ ಇತ್ತೆಂದು 2022ರಲ್ಲಿ ತಿಳಿಯಿತು. ಮನುಷ್ಯ ನಾಯಿ ಸಾಕುವುದಕ್ಕೂ ಮುಂಚಿನಿಂದ ಬಂದ ಗುಣವಿದು. ತೊಂದರೆ ಶುರುವಾಗುವುದು ಚಿಕ್ಕದನ್ನು ಇನ್ನೂ ಚಿಕ್ಕದು ಮಾಡಹೊರಟಾಗ. ‘ಟೀಕಪ್’ ಎಂದು ಮಾರುವ ಮರಿ ಪ್ರತ್ಯೇಕ ತಳಿಯಲ್ಲ. ಬಹಳ ಸಲ ಸೂಲಿನಲ್ಲಿ ಬಡಕಲಾಗಿ ಹುಟ್ಟಿದವನ್ನೇ ಕೂಡಿಸಿ ಪಡೆದದ್ದು. ಅಂಥ ಮರಿ ಒಂದು ಹೊತ್ತು ಹಾಲು ತಪ್ಪಿದರೂ ರಕ್ತದಲ್ಲಿ ಸಕ್ಕರೆ ಇಳಿದು ನಡುಗಿ ಬೀಳಬಹುದು. ಇನ್ನು ಬಾಯಿ ನೋಡಿ: ಗ್ರೇಟ್ ಡೇನ್‌ಗೂ ಪಮೇರಿಯನ್‌ಗೂ ಇರಬೇಕಾದ ಹಲ್ಲು ಅವೇ 42. ಅಂಗೈಯಗಲದ ತಲೆಯಲ್ಲಿ ಅಷ್ಟಕ್ಕೂ ಜಾಗವಾಗಬೇಕು.

ಪುಟ್ಟ ನಾಯಿಗಳನ್ನು ಹೆಚ್ಚು ಕಾಡುವುದು ಮಂಡಿ. ತೊಡೆಮೂಳೆಯ ತುದಿಯಲ್ಲಿ ಒಂದು ತೋಡು ಇರುತ್ತದೆ, ಮಂಡಿಚಿಪ್ಪು ಅದರೊಳಗೆ ಮೇಲೆ ಕೆಳಗೆ ಜಾರುತ್ತಿರಬೇಕು. ತೋಡು ಆಳವಿಲ್ಲದಿದ್ದರೆ, ಕಾಲಿನ ಮೂಳೆ ತುಸು ಸೊಟ್ಟಗಿದ್ದರೆ ಚಿಪ್ಪು ಒಳಬದಿಗೆ ತಪ್ಪುತ್ತದೆ. ನಾಯಿ ಓಡುತ್ತ ಓಡುತ್ತ ಹಿಂಗಾಲೊಂದನ್ನು ಎತ್ತಿ ಮೂರು ಕಾಲಲ್ಲಿ ಕುಪ್ಪಳಿಸುತ್ತದೆ, ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸುತ್ತದೆ, ಚಿಪ್ಪು ಜಾಗಕ್ಕೆ ಬರುತ್ತದೆ, ಏನೂ ಆಗಿಲ್ಲವೆಂಬಂತೆ ಮತ್ತೆ ಓಡುತ್ತದೆ. ಮನೆಯವರು ಅದನ್ನು ಆಟ ಎಂದುಕೊಳ್ಳುತ್ತಾರೆ. ವೈದ್ಯರು ಇದನ್ನು ನಾಲ್ಕು ಹಂತಗಳಲ್ಲಿ ಅಳೆಯುತ್ತಾರೆ: ಒಂದನೆಯದರಲ್ಲಿ ಬೆರಳಿನಿಂದ ಒತ್ತಿದರಷ್ಟೇ ಚಿಪ್ಪು ತಪ್ಪಿ ತಾನಾಗಿ ಮರಳುತ್ತದೆ, ನಾಲ್ಕನೆಯದರಲ್ಲಿ ಮರಳುವುದೇ ಇಲ್ಲ. ಎಂಟು ವಾರದ ಮರಿಯಲ್ಲಿ ಇದು ಸರಿಯಾಗಿ ತಿಳಿಯದು, ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ತಿಳಿಯುವುದು ಬೆಳೆದ ತಾಯಿ, ತಂದೆಯ ಮಂಡಿಯಲ್ಲಿ. ಆದ್ದರಿಂದಲೇ ತಾಯಿಯನ್ನು ಅಂಗಳದಲ್ಲಿ ಓಡಿಸಿ ತೋರಿಸಲು ಹೇಳಬೇಕು, ಮೆಟ್ಟಿಲು ಹತ್ತಿಸಿ ಇಳಿಸಬೇಕು. ಪಶುವೈದ್ಯರು ಮಂಡಿ ನೋಡಿ ಬರೆದ ಚೀಟಿ ಇದೆಯೇ ಎಂದು ಕೇಳಬೇಕು.

ಡ್ಯಾಶ್‌ಹಂಡ್‌ನ ವಿಷಯ ಬೇರೆ. ಅದರ ಕುಳ್ಳಗಾಲಿಗೆ ಎಫ್‌ಜಿಎಫ್-4 ಜೀನಿನ ಹೆಚ್ಚುವರಿ ಪ್ರತಿಗಳು ಕಾರಣ. ಅದರಲ್ಲೊಂದು ಪ್ರತಿ ಬೆನ್ನೆಲುಬಿನ ನಡುವಿನ ಮೆತ್ತೆಗಳನ್ನು ಎಳೆಯ ವಯಸ್ಸಿಗೇ ಒಣಗಿಸುತ್ತದೆ. ಎತ್ತರದ ಜಗಲಿಯಿಂದ ಅಂಗಳಕ್ಕೆ ದಿನಕ್ಕೆ ಹತ್ತು ಸಲ ಹಾರುವ ಡ್ಯಾಶ್‌ಹಂಡ್ ಒಂದು ದಿನ ಹಿಂಗಾಲು ಎಳೆಯತೊಡಗುವುದು ಹೀಗೆ. ಪಗ್ ಆದರೆ ಮೂಗಿನ ಹೊಳ್ಳೆ ನೋಡಿ. ತೆರೆದಿರಬೇಕು, ಗೆರೆ ಎಳೆದಂತೆ ಮುಚ್ಚಿರಬಾರದು. ನೆರಳಲ್ಲಿ ಸುಮ್ಮನೆ ಮಲಗಿದ ತಾಯಿ ಪಗ್ ಗೊರಗೊರ ಎನ್ನುತ್ತಿದ್ದರೆ ಆ ಮನೆಯ ಮರಿ ಬೇಡ.

ಕಾಗದದ ಮಾತಿಗೆ ಬರೋಣ. 1896ರಲ್ಲಿ ಹುಟ್ಟಿ ಈಗ ಚೆನ್ನೈಯಿಂದ ನಡೆಯುವ ಕೆನಲ್ ಕ್ಲಬ್ ಆಫ್ ಇಂಡಿಯಾ ಕೊಡುವ ವಂಶಾವಳಿ ಪತ್ರವನ್ನು ಜನ ‘ಕೆಸಿಐ ಪೇಪರ್’ ಎನ್ನುತ್ತಾರೆ, ಅದಿದ್ದರೆ ಬೆಲೆಯೂ ಏರುತ್ತದೆ. ಅದು ಹೇಳುವುದು ಮರಿ ಯಾರ ಮಗು ಎಂಬುದನ್ನು ಮಾತ್ರ, ಆರೋಗ್ಯವನ್ನಲ್ಲ. ಆದರೂ ಓದಲು ಬಲ್ಲವರಿಗೆ ಅದರಿಂದ ಉಪಯೋಗವಿದೆ: ತಂದೆಯ ಕಡೆಯೂ ತಾಯಿಯ ಕಡೆಯೂ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆಯೇ ಹುಡುಕಿ. ಅಣ್ಣ ತಂಗಿ ಕೂಡಿ ಹುಟ್ಟಿದ ಮರಿಯಲ್ಲಿ ಯಾವುದೇ ಜೀನಿನ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುವ ಸಾಧ್ಯತೆ ಶೇ. 25, ಮಲ ಅಣ್ಣ ತಂಗಿಯಾದರೆ ಶೇ. 12.5. ಒಂದು ಪ್ರತಿಯಿದ್ದಾಗ ಅಡಗಿ ಕೂತಿರುವ ರೋಗ, ಎರಡೂ ಸೇರಿದಾಗ ಹೊರಬೀಳುತ್ತದೆ. 2022ರ ‘777 ಚಾರ್ಲಿ’ ನೋಡಿ ಕಣ್ಣೀರು ಹಾಕಿದವರಿಗೆ ನೆನಪಿರಬಹುದು, ನಿರ್ದೇಶಕ ಕಿರಣ್‌ರಾಜ್ ಆ ಚಿತ್ರದಲ್ಲಿ ಚಾರ್ಲಿಯ ಕಾಯಿಲೆಯ ಬೇರನ್ನು ತೋರಿಸಿದ್ದು ಇಂಥ ಒಳಸಂಕರದಲ್ಲೇ. ಚಾರ್ಲಿ ಲ್ಯಾಬ್ರಡಾರ್, ಪುಟ್ಟ ನಾಯಿಗಳ ವ್ಯಾಪಾರದಲ್ಲಿ ನಡೆಯುವುದೂ ಅದೇ.

ಕಾನೂನು ಇಲ್ಲವೆಂದಲ್ಲ. 2017ರ ಕೇಂದ್ರ ನಿಯಮಗಳ ಪ್ರಕಾರ ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣಿಗೆ 18 ತಿಂಗಳು ತುಂಬಿರಬೇಕು, ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದು ಮೀರಬಾರದು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬಸ್ಸಿನಲ್ಲಿ ಬರುವ ಪೆಟ್ಟಿಗೆಯಲ್ಲಿ ತಿಂಗಳ ಕೂಸೂ ಇರುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿ. ತಾಯಿ ಮತ್ತು ಒಡಹುಟ್ಟಿದವರ ಜೊತೆ ಕಚ್ಚಾಡಿ, ಎಷ್ಟು ಕಚ್ಚಿದರೆ ನೋಯುತ್ತದೆ ಎಂದು ಮರಿ ಕಲಿಯುವುದು ಆ ವಾರಗಳಲ್ಲೇ.

ಹಾಗಾಗಿ ಪ್ರಯಾಣದ ಖರ್ಚಾದರೂ ಸರಿ, ಮರಿ ಹುಟ್ಟಿದ ಮನೆಗೇ ಹೋಗಿ. ತಾಯಿ ಬಾಲ ಅಲ್ಲಾಡಿಸುತ್ತ ಬರುತ್ತದೆಯೇ, ಮೂಲೆ ಸೇರಿ ಗುರುಗುಟ್ಟುತ್ತದೆಯೇ? ಮೈತುಂಬಿಕೊಂಡಿದೆಯೇ, ಸೂಲಿನ ಮೇಲೆ ಸೂಲಾಗಿ ಮೊಲೆ ಜೋತು ಪಕ್ಕೆಲುಬು ಎದ್ದಿದೆಯೇ? ಮರಿಗಳ ಹಿಂದೆ ನಿಂತು ಸ್ಟೀಲ್ ಲೋಟವೊಂದನ್ನು ನೆಲಕ್ಕೆ ಬೀಳಿಸಿ. ಬೆಚ್ಚಿದ ಮರಿ ಕ್ಷಣದಲ್ಲಿ ಸುಧಾರಿಸಿಕೊಂಡು ಲೋಟ ಮೂಸಲು ಬಂದರೆ, ಅದು ಕುಕ್ಕರ್, ಮಿಕ್ಸಿಯ ಸದ್ದಿನ ನಡುವೆ ಜನರ ಜೊತೆ ಬೆಳೆದ ಮರಿ. ನೆತ್ತಿಯ ಮೇಲೆ ಬೆರಳಿಡಿ, ದೊಡ್ಡ ಮೆತ್ತನೆಯ ಗುಳಿ ಸಿಕ್ಕರೆ ವೈದ್ಯರಿಗೆ ತೋರಿಸದೆ ದುಡ್ಡು ಕೊಡಬೇಡಿ. ‘ತಾಯಿ ಬೇರೆ ಕಡೆ ಇದೆ’ ಎಂದರೆ ಅಲ್ಲಿಂದಲೇ ಹಿಂದಿರುಗಿ.

ಒಳ್ಳೆಯ ತಳಿಗಾರರ ಮನೆಯಲ್ಲಿ ನಿಮ್ಮ ಪ್ರಶ್ನೆಗಳಿಗಿಂತ ಅವರ ಪ್ರಶ್ನೆಗಳೇ ಜಾಸ್ತಿ. ಮದುವೆ ಮುಂಜಿಗೆ ಹೋದಾಗ ನಾಯಿ ನೋಡಿಕೊಳ್ಳುವವರು ಯಾರು? ಮಳೆಗಾಲದಲ್ಲಿ ಇಷ್ಟು ಕೂದಲು ಒಣಗಿಸುತ್ತೀರಾ? ನಿಮ್ಮ ಕಡೆ ಚಿರತೆ ಕಾಟ ಇದೆಯಂತೆ, ರಾತ್ರಿ ಜಗಲಿಯಲ್ಲಿ ಕಟ್ಟುತ್ತೀರೋ, ಒಳಗೆ ಮಲಗಿಸುತ್ತೀರೋ? ಉತ್ತರ ಹಿಡಿಸದಿದ್ದರೆ ಮರಿ ಕೊಡುವುದಿಲ್ಲ. ಕೊಟ್ಟರೂ ಒಂದು ಮಾತು ಹೇಳಿಯೇ ಕಳಿಸುತ್ತಾರೆ: ಸಾಕಲು ಆಗದಿದ್ದರೆ ಎಲ್ಲೂ ಬಿಡಬೇಡಿ, ಎಷ್ಟು ವರ್ಷವಾಗಿದ್ದರೂ ನಮಗೇ ವಾಪಸ್ ತಂದುಕೊಡಿ.