ವೀಕ್ಷಣಾ ನಮೂನೆಯನ್ನು ತುಂಬುವವರ ಕಡೆಯಿಂದ ತಿದ್ದುವುದು

ಬೋಧನಾಭ್ಯಾಸದ ಪಾಠ ವೀಕ್ಷಣೆಯನ್ನು ದಾಖಲಿಸುವ ಆನ್‌ಲೈನ್ ನಮೂನೆಗೆ ಎರಡು ಭಾಗಗಳಿವೆ. ಮಾಹಿತಿಯನ್ನು ಡೇಟಾಬೇಸಿಗೆ ಸೇರಿಸುವ ಸರ್ವರ್ ಭಾಗ ಒಂದು, ಪ್ರಶಿಕ್ಷಣಾರ್ಥಿಯ ಮೊಬೈಲಿನಲ್ಲಿ ಕಾಣುವ ಬ್ರೌಸರ್ ಭಾಗ ಇನ್ನೊಂದು. ಎರಡನೆಯದು ಒರಟಾಗಿದ್ದರೆ ಒಂದು ಅವಧಿಯಿಡೀ ಕುಳಿತು ಬರೆದ ಟಿಪ್ಪಣಿ ಅರ್ಧವಾಗುತ್ತದೆ ಇಲ್ಲವೇ ಕಳೆದೇಹೋಗುತ್ತದೆ. ಅದನ್ನು ಹದಗೊಳಿಸುವಾಗ ನಾನು ಗಮನಿಸುವ ಅಂಶಗಳು ಇವು.

ಮೊದಲನೆಯದು ಹೆಸರುಪಟ್ಟಿ. ‘ಘಟಕದ ಹೆಸರು’ ಎಂಬ ಸೂಚನೆಯನ್ನು ಪೆಟ್ಟಿಗೆಯ ಒಳಗೇ ಮಸುಕಾಗಿ ಬರೆದರೆ ಟೈಪ್ ಮಾಡತೊಡಗಿದ ಕೂಡಲೇ ಅದು ಮಾಯವಾಗುತ್ತದೆ. ‘ಲೇಬಲ್’ ಬಳಸಿ ಹೊರಗೆ ಬರೆಯಬೇಕು. ದೃಷ್ಟಿದೋಷವುಳ್ಳವರು ಬಳಸುವ ಸ್ಕ್ರೀನ್ ರೀಡರ್ ಓದುವುದು ಇದನ್ನೇ.

ಎರಡನೆಯದು ಪೆಟ್ಟಿಗೆಯ ಬಗೆ. ನೋಂದಣಿ ಸಂಖ್ಯೆ ಕೂಡಿಸಿ ಕಳೆಯುವ ಮೊತ್ತವಲ್ಲ. ಸಂಖ್ಯೆಯಾಗಿ ಪರಿವರ್ತಿಸಿದರೆ 0457 ಎಂಬುದು 457 ಆಗುತ್ತದೆ. ಆದ್ದರಿಂದ ಅದನ್ನು ಪಠ್ಯವಾಗಿಯೇ ಇಟ್ಟು, ‘ಇನ್‌ಪುಟ್‌ಮೋಡ್’ ಮೂಲಕ ಅಂಕಿಗಳ ಕೀಲಿಮಣೆ ಮಾತ್ರ ತೆರೆಯುವಂತೆ ಮಾಡುತ್ತೇನೆ.

ಮೂರನೆಯದು ಕನ್ನಡ. ಅಂಕಿಗಳನ್ನು ಪರೀಕ್ಷಿಸುವ ‘ಪ್ಯಾಟರ್ನ್’ 0ಯಿಂದ 9 ಎಂದಿದ್ದರೆ ಕನ್ನಡದ ೮ನ್ನು ಅದು ತಪ್ಪೆನ್ನುತ್ತದೆ. ಪರೀಕ್ಷೆಗೆ ಮುನ್ನ ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳಲು ಜಾವಾಸ್ಕ್ರಿಪ್ಟಿನ ಕೆಲವು ಸಾಲುಗಳು ಸಾಕು. ‘ಮ್ಯಾಕ್ಸ್‌ಲೆಂಗ್ತ್’ ಮಿತಿಯಲ್ಲೂ ಎಚ್ಚರ ಬೇಕು. ‘ಶ್ರೀ’ ನಮಗೆ ಒಂದೇ ಅಕ್ಷರ, ಬ್ರೌಸರಿನ ಲೆಕ್ಕದಲ್ಲಿ 4. ನೂರು ಅಕ್ಷರ ಸಿಗುತ್ತದೆಂದು ಬರೆಯುವವರ ವಾಕ್ಯ ಬಹಳ ಮೊದಲೇ, ಯಾವ ಸೂಚನೆಯೂ ಇಲ್ಲದೆ ನಿಂತುಬಿಡುತ್ತದೆ. ಮಿತಿಯನ್ನು ಧಾರಾಳವಾಗಿಟ್ಟು, ಇನ್ನೆಷ್ಟು ಉಳಿದಿದೆ ಎಂದು ತೋರಿಸುವುದು ಒಳ್ಳೆಯದು.

ನಾಲ್ಕನೆಯದು ತಪ್ಪಿನ ಸೂಚನೆ. ನೋಟ್‌ಬುಕ್ಕಿನಲ್ಲಿ ಬರೀ ಕೆಂಪು ಗೀಟೆಳೆದರೆ ಮಗು ಕಲಿಯುವುದಿಲ್ಲವೆಂದು ನಾವೇ ಹೇಳುತ್ತೇವೆ. ನಮೂನೆಗೂ ಅದೇ ಮಾತು. ‘ಅಮಾನ್ಯ ನಮೂದು’ ಎನ್ನುವ ಬದಲು ‘ಅಂಕ 0ಯಿಂದ 10ರೊಳಗೆ ಇರಲಿ’ ಎಂದು ಆಯಾ ಪೆಟ್ಟಿಗೆಯ ಪಕ್ಕದಲ್ಲೇ ಹೇಳಬೇಕು. ಬ್ರೌಸರಿನ ಸಿದ್ಧ ಸಂದೇಶದ ಬದಲು ಕನ್ನಡದ ಸಂದೇಶ ಬರಲು ‘ಸೆಟ್‌ಕಸ್ಟಮ್‌ವ್ಯಾಲಿಡಿಟಿ’ ಇದೆ. ತಪ್ಪು ಸರಿಯಾದ ಮೇಲೆ ಆ ಸಂದೇಶವನ್ನು ಖಾಲಿ ಮಾಡಬೇಕು, ಇಲ್ಲದಿದ್ದರೆ ನಮೂನೆ ಮುಂದಕ್ಕೆ ಹೋಗುವುದೇ ಇಲ್ಲ.

ಐದನೆಯದು ಬರೆದದ್ದರ ರಕ್ಷಣೆ. ಶಾಲೆಯಲ್ಲಿ ನೆಟ್‌ವರ್ಕ್ ಹೋದರೂ ಟಿಪ್ಪಣಿ ಉಳಿಯುವಂತೆ ಬರೆದದ್ದನ್ನು ಆಗಾಗ ‘ಲೋಕಲ್‌ಸ್ಟೋರೇಜ್’ನಲ್ಲಿ ಇಡಬಹುದು. ಸಲ್ಲಿಕೆಯಾದೊಡನೆ ಅದನ್ನು ಅಳಿಸಲೇಬೇಕು. ಹಲವರು ಬಳಸುವ ಗಣಕದಲ್ಲಿ ಒಬ್ಬರ ಪಾಠದ ಬಗೆಗಿನ ಅಭಿಪ್ರಾಯ ಮತ್ತೊಬ್ಬರ ಕಣ್ಣಿಗೆ ಬೀಳಬಾರದು. ಸಲ್ಲಿಸುವ ಗುಂಡಿಯನ್ನು ಒಮ್ಮೆ ಒತ್ತಿದ ಮೇಲೆ, ಉತ್ತರ ಬರುವವರೆಗೆ ಅದು ಮತ್ತೆ ಒತ್ತಲು ಬಾರದಂತಿದ್ದರೆ ಒಂದೇ ಪಾಠ ಎರಡು ಬಾರಿ ದಾಖಲಾಗುವುದು ತಪ್ಪುತ್ತದೆ.

ಇವೆಲ್ಲ ತುಂಬುವವರಿಗೆ ಮಾಡುವ ಅನುಕೂಲ, ಡೇಟಾಬೇಸಿಗೆ ಕಾವಲಲ್ಲ. ಬ್ರೌಸರಿನಲ್ಲಿರುವ ಯಾವ ಪರೀಕ್ಷೆಯನ್ನೂ ಬಲ್ಲವರು ದಾಟಬಹುದು. ಆದ್ದರಿಂದ ಅಂಕದ ಮಿತಿ, ಕಡ್ಡಾಯ ಅಂಶಗಳು, ಮರುನಮೂದು ಎಲ್ಲವನ್ನೂ ಸರ್ವರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಲೇಬೇಕು.

ನಮೂನೆ ಸಿದ್ಧವಾದ ಮೇಲೆ ಒಬ್ಬ ಪ್ರಶಿಕ್ಷಣಾರ್ಥಿಗೆ ಅವರದೇ ಮೊಬೈಲಿನಲ್ಲಿ ಒಂದು ವೀಕ್ಷಣೆಯನ್ನು ತುಂಬಲು ಹೇಳಿ. ಪಕ್ಕದಲ್ಲಿ ಕುಳಿತು ಏನನ್ನೂ ವಿವರಿಸದೆ ನೋಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಮುಂದಿನ ತಿದ್ದುಪಡಿ ಅಲ್ಲಿ ಬೇಕು.