ದೀರ್ಘಕಾಲದ ಖಿನ್ನತೆ ಮತ್ತು ಮಾತಿನ ಚಿಕಿತ್ಸೆ

ಪೆರಿಯಕುಳಂ ಹಾಗೂ ಕಂಬಂ ಕಣಿವೆಯ ಕಪ್ಪಿಲಿಯರ, ದೇವಾಂಗರ ಅನೇಕ ಮನೆಗಳಲ್ಲಿ ಕನ್ನಡ ಆಡುನುಡಿ. ಆಸ್ಪತ್ರೆಯ ವ್ಯವಹಾರವೆಲ್ಲ ತಮಿಳು. ಇವರಿಗೆ ತಮಿಳೂ ಬರುವುದರಿಂದ ಜ್ವರದ ಮಾತ್ರೆ ಪಡೆಯಲು ತೊಡಕಿಲ್ಲ. ಮಾತೇ ಚಿಕಿತ್ಸೆಯಾಗಿರುವಲ್ಲಿ ಮಾತ್ರ ಭಾಷೆಯ ಪ್ರಶ್ನೆಯನ್ನು ಬದಿಗಿಡಲಾಗದು.

ಹೆಚ್ಚಿನ ದಿನಗಳಲ್ಲಿ ಕವಿದಿರುವ ಮಂಕು ವಯಸ್ಕರಲ್ಲಿ ಎರಡು ವರ್ಷ, ಮಕ್ಕಳಲ್ಲಿ ಒಂದು ವರ್ಷ ಮುಂದುವರಿದರೆ ವೈದ್ಯರು ಅದನ್ನು ದೀರ್ಘಕಾಲದ ಖಿನ್ನತೆ ಎಂದು ಪರಿಗಣಿಸುತ್ತಾರೆ. ಮಕ್ಕಳಲ್ಲಿ ಅದು ದುಃಖಕ್ಕಿಂತ ಸಿಡುಕಾಗಿಯೇ ತೋರಬಹುದು. ಮನೆಯವರು ಅದನ್ನು ಸ್ವಭಾವವೆಂದೇ ಭಾವಿಸುತ್ತಾರೆ, ಅಧ್ಯಾಪಕರೂ ಭಾವಿಸುವುದುಂಟು.

ಮಾತಿನ ಚಿಕಿತ್ಸೆಯೆಂದರೆ ಧೈರ್ಯ ಹೇಳುವುದಲ್ಲ. ದೀರ್ಘಕಾಲದ ಖಿನ್ನತೆಗೆಂದೇ ಅಮೆರಿಕದ ಜೇಮ್ಸ್ ಮೆಕಲೊ ರೂಪಿಸಿದ ಕ್ರಮವನ್ನು ಗಮನಿಸಬಹುದು. ತಾಯಿಯೊಬ್ಬಳು ತಂಗಿಗೆ ಫೋನ್ ಮಾಡಿದಳು, ತಂಗಿ ಎತ್ತಲಿಲ್ಲ ಎಂದುಕೊಳ್ಳೋಣ. ‘ನಾನು ಯಾರಿಗೂ ಬೇಡವಾದೆ’ ಎಂದು ಅವಳು ಮಲಗಿಬಿಟ್ಟಳು. ಚಿಕಿತ್ಸಕರು ಅವಳನ್ನು ಒಪ್ಪಿಸಲು ವಾದಿಸುವುದಿಲ್ಲ. ನಡೆದುದೇನು, ಅದಕ್ಕೆ ಅವಳು ಕೊಟ್ಟ ಅರ್ಥವೇನು, ಮಾಡಿದ್ದೇನು, ಆದ ಫಲವೇನು, ಅವಳು ಬಯಸಿದ್ದೇನು ಎಂದು ಒಂದೊಂದಾಗಿ ಕೇಳುತ್ತಾರೆ. ತಂಗಿಯೊಡನೆ ಮಾತಾಡಬೇಕೆಂಬುದೇ ಬಯಕೆಯಾಗಿದ್ದರೆ, ಮಲಗುವುದು ಅದನ್ನು ಈಡೇರಿಸಲಿಲ್ಲ, ಸಂಜೆ ಮತ್ತೆ ಫೋನ್ ಮಾಡಿದ್ದರೆ ಈಡೇರುತ್ತಿತ್ತೇನೋ ಎಂಬುದನ್ನು ಅವಳೇ ಕಾಣುತ್ತಾಳೆ. ತನ್ನ ನಡೆಗೆ ಫಲವುಂಟೆಂಬ ಅರಿವು ವರ್ಷಗಳಿಂದ ಅಳಿದುಹೋಗಿರುತ್ತದೆ. ವಾರವಾರದ ಅಭ್ಯಾಸದಿಂದ ಅದು ಮರಳಬೇಕು.

2000ರಲ್ಲಿ ಪ್ರಕಟವಾದ, 681 ರೋಗಿಗಳ ಅಧ್ಯಯನದಲ್ಲಿ ಈ ಕ್ರಮದಿಂದ ಶೇ. 48, ಔಷಧಿಯಿಂದಲೂ ಶೇ. 48, ಎರಡೂ ಸೇರಿದಾಗ ಶೇ. 73 ಮಂದಿ ಸುಧಾರಿಸಿದರು. (ಅಲ್ಲಿ ಬಳಸಿದ ಔಷಧಿಯನ್ನು ಯಕೃತ್ತಿನ ಹಾನಿಯ ಕಾರಣ ಹಲವು ದೇಶಗಳಲ್ಲಿ ಮುಂದೆ ಹಿಂತೆಗೆದುಕೊಳ್ಳಲಾಯಿತು.) ಆದುದರಿಂದ ಮಾತು ಮಾತ್ರೆಗೆ ಪ್ರತಿಸ್ಪರ್ಧಿಯಲ್ಲ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸುವುದು ಅಪಾಯಕರ.

ತಜ್ಞರು ವಿರಳವಾದ ನಮ್ಮ ದೇಶಕ್ಕೆ ಗೋವಾದ ಅನುಭವ ಹೆಚ್ಚು ಹತ್ತಿರದ್ದು. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮನೋವೈದ್ಯರಲ್ಲದ ಸಲಹೆಗಾರರಿಗೆ ತರಬೇತಿ ನೀಡಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ನಡೆಸಿದರು. ಬಿಟ್ಟುಹೋದ ಚಿಕ್ಕ ಕೆಲಸಗಳನ್ನು ಮತ್ತೆ ಹಿಡಿಯಿಸುವುದೇ ಅದರ ತಿರುಳು. ಸಾಮಾನ್ಯ ಆರೈಕೆಗಿಂತ ಫಲ ಮೇಲಾಗಿತ್ತು.

ಅಧ್ಯಾಪಕರು ರೋಗನಿರ್ಣಯ ಮಾಡಬೇಕಾಗಿಲ್ಲ. ಮಗುವಿನೊಡನೆ ಅದರ ಮನೆಮಾತಿನಲ್ಲಿ, ಇತರರ ಕಿವಿಗೆ ಬೀಳದಂತೆ ಮಾತಾಡಿ, ಪೋಷಕರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರ ಬಳಿಗೆ ಕಳುಹಿಸಬಹುದು. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಈ ಕಾರ್ಯಕ್ರಮಕ್ಕೆ ಮಾದರಿ. ಸಾವಿನ ಮಾತು ಬಂದರೆ ಅದನ್ನು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರಿಗೆ ತಿಳಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಕರೆ ಮಾಡುವವರು ಕನ್ನಡವನ್ನು ಕೇಳಿ ಪಡೆಯಬೇಕೆಂಬುದನ್ನು ಪೋಷಕರಿಗೆ ತಿಳಿಸಬೇಕು.