ವಿಮಾನಕ್ಕೂ ಪಂಚರ್ ಆಗುತ್ತದೆ

ಘಾಟಿಯಲ್ಲೋ ಎಸ್ಟೇಟ್ ರಸ್ತೆಯಲ್ಲೋ ಜೀಪಿನ ಟೈರ್ ಪಂಚರ್ ಆದರೆ ಏನು ಮಾಡಬೇಕೆಂದು ನಾರ್ವೆ, ಕೊಪ್ಪ ಕಡೆಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಕ್ರಕ್ಕೊಂದು ಕಲ್ಲು ಕೊಟ್ಟು, ನೆಲ ಮೆತ್ತಗಿದ್ದರೆ ಜಾಕಿನ ಅಡಿಗೊಂದು ಹಲಗೆ ತುಂಡು ಹಾಕಿ, ಹತ್ತು ನಿಮಿಷದಲ್ಲಿ ಸ್ಟೆಪ್ನಿ ಏರಿಸಿ ಹೊರಟುಬಿಡುತ್ತೇವೆ. ಕಳೆದ ರಜೆಯಲ್ಲಿ ನಾನು ಕಾಲೇಜಿಗೆ ಬಂದಿದ್ದಾಗ, ಬೆಂಗಳೂರಿನಲ್ಲಿ ವಿಮಾನ ನಿರ್ವಹಣೆ ಕಲಿಯುತ್ತಿದ್ದೇನೆ ಎಂದು ಗೊತ್ತಾದ ಪ್ರಥಮ ಪಿಯುಸಿಯ ಒಬ್ಬ ಕೇಳಿದ: “ಅಣ್ಣಾ, ವಿಮಾನದ ಟೈರ್ ಪಂಚರ್ ಆದ್ರೆ ಜಾಕ್ ಎಲ್ಲಿಗೆ ಕೊಡ್ತೀರಿ?” ಸುತ್ತ ಇದ್ದವರು ನಕ್ಕರು. ನನಗೆ ನಗು ಬರಲಿಲ್ಲ, ಏಕೆಂದರೆ ಹ್ಯಾಂಗರಿಗೆ ಹೋದ ಹೊಸತರಲ್ಲಿ ನಾನೂ ಇದನ್ನೇ ಕೇಳಿದ್ದೆ. ಆ ಹುಡುಗನಿಗೆ ಅಂದು ಅವಸರದಲ್ಲಿ ಕೊಟ್ಟ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಹೇಳುತ್ತಿರುವುದು ಮಂಗಳೂರಿನಲ್ಲಿ ಇಳಿಯುವ ದೊಡ್ಡ ವಿಮಾನದ ಕಥೆಯಲ್ಲ. ಎರಡು ಅಥವಾ ನಾಲ್ಕು ಜನ ಕೂರುವ, ಮುಂದೆ ಒಂದೇ ಪ್ರೊಪೆಲ್ಲರ್ ಇರುವ ಹಗುರ ವಿಮಾನದ್ದು. ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಹೋಗುವಾಗ ಜಕ್ಕೂರು ಸಿಗುತ್ತದೆ. ಅಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಪೈಲಟ್ ಆಗಬೇಕೆಂದಿರುವವರು ಕಲಿಯುವುದು ಇಂಥ ವಿಮಾನಗಳಲ್ಲೇ, ಅಂದರೆ ಸೆಸ್ನಾ 152, ಸೆಸ್ನಾ 172 ಮುಂತಾದವುಗಳಲ್ಲಿ. ಹಗುರ ವಿಮಾನ ಕಟ್ಟುವುದರಲ್ಲಿ ಬೆಂಗಳೂರಿಗೆ ತನ್ನದೇ ಚರಿತ್ರೆಯೂ ಇದೆ. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. 1958ರಲ್ಲಿ ಅದೇ ಎಚ್‌ಎಎಲ್‌ನ ಪುಷ್ಪಕ್ ಬಂತು. 1990ರ ದಶಕದಲ್ಲಿ ಎನ್‌ಎಎಲ್‌ನವರು ‘ಹಂಸ’ ಹಾರಿಸಿದರು. ಎಚ್‌ಟಿ-2 ಮತ್ತು ಪುಷ್ಪಕ್‌ಗಳಿಗೆ ಎರಡು ಮುಖ್ಯ ಚಕ್ರ ಮುಂದೆ, ಒಂದು ಪುಟ್ಟ ಚಕ್ರ ಬಾಲದಲ್ಲಿ. ಹಂಸಕ್ಕೂ ಸೆಸ್ನಾಗಳಿಗೂ ಪುಟ್ಟ ಚಕ್ರ ಮೂತಿಯ ಕೆಳಗಿದೆ, ಮುಖ್ಯ ಚಕ್ರಗಳೆರಡು ಹಿಂದೆ. ನಾನು ಕೈಯಾರೆ ಕೆಲಸ ಮಾಡಿ ಕಲಿತದ್ದು ಸೆಸ್ನಾ 172ರಲ್ಲಿ, ಹಾಗಾಗಿ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. ಭೌತಶಾಸ್ತ್ರದ ಪುಸ್ತಕ ಹತ್ತಿರದಲ್ಲಿದ್ದರೆ ಒಳ್ಳೆಯದು. 172ಎಸ್ ಮಾದರಿಯ ಖಾಲಿ ತೂಕ ಸುಮಾರು 745 ಕೆ.ಜಿ., ಅಂದರೆ ಒಂದು ಸಣ್ಣ ಕಾರಿನಷ್ಟು. ಗುರುತ್ವ ಕೇಂದ್ರ ಮುಖ್ಯ ಚಕ್ರಗಳಿಗಿಂತ ತುಸು ಮುಂದಿದೆ. ಆದ್ದರಿಂದ ಮೂತಿಯ ಚಕ್ರದ ಮೇಲೆ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಭಾರ ಬಿದ್ದು, ಉಳಿದದ್ದು ಎರಡು ಮುಖ್ಯ ಚಕ್ರಗಳಿಗೆ ಹಂಚಿಹೋಗುತ್ತದೆ. ಒಂದೊಂದಕ್ಕೆ ಹತ್ತಿರಹತ್ತಿರ 270 ಕೆ.ಜಿ. ಐವತ್ತು ಕೆ.ಜಿ.ಯ ಐದಾರು ಕಾಫಿ ಚೀಲ ಎಂದುಕೊಳ್ಳಿ. ಈ ಟೈರಿನ ಗಾಳಿಯ ಒತ್ತಡ 42 ಪಿಎಸ್‌ಐ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 3 ಕೆ.ಜಿ. ಭಾಗಿಸಿ ನೋಡಿ: ಟೈರ್ ನೆಲವನ್ನು ಮುಟ್ಟಿರುವ ಜಾಗ ಸುಮಾರು 90 ಚದರ ಸೆಂಟಿಮೀಟರ್. ಬೆರಳು ಬಿಟ್ಟರೆ ನಿಮ್ಮ ಅಂಗೈಯಷ್ಟು. ತರಬೇತಿ ಪೈಲಟ್ ಇಳಿಯುವಾಗ, ಬ್ರೇಕ್ ಒತ್ತುವಾಗ, ತಿರುಗುವಾಗ ಎಲ್ಲ ಉಜ್ಜಾಟವೂ ಆ ಅಂಗೈಯಗಲದಲ್ಲೇ ನಡೆಯಬೇಕು.

ತರಬೇತಿ ವಿಮಾನದ ಟೈರ್ ಬೇಗ ಸವೆಯುವುದು ಇದರಿಂದಲೇ. ಕಲಿಯುವವರು ಇಳಿದು, ನಿಲ್ಲದೆ ಮತ್ತೆ ಏರಿ, ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತಾರೆ. ಒಂದೇ ಗಂಟೆಯಲ್ಲಿ ಹೀಗೆ ಹಲವು ಸಲ. ಯಾರಾದರೂ ಗಾಬರಿಯಲ್ಲಿ ಬ್ರೇಕ್ ಒತ್ತಿಹಿಡಿದರೆ ಚಕ್ರ ತಿರುಗದೆ ಜಾರುತ್ತದೆ, ಟೈರಿನ ಒಂದೇ ಕಡೆ ತೇದುಹೋಗುತ್ತದೆ. ಅಲ್ಲಿ ರಬ್ಬರಿನೊಳಗಿನ ನೂಲು ಕಾಣಿಸಿತೆಂದರೆ ಮತ್ತೆ ಚರ್ಚೆಯಿಲ್ಲ, ಟೈರ್ ಬಿಚ್ಚಲೇಬೇಕು.

ಬಿಚ್ಚುವ ಮೊದಲಿನ ತಯಾರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ವಿಮಾನವನ್ನು ಹ್ಯಾಂಗರಿನ ಒಳಗೆ, ಸಮತಟ್ಟಾದ ಗಟ್ಟಿ ನೆಲದ ಮೇಲೆ ತರುತ್ತೇವೆ. ಜೀಪಿಗೆ ಗಾಳಿಯ ಭಯವಿಲ್ಲ, ವಿಮಾನಕ್ಕಿದೆ. ರೆಕ್ಕೆ ಇರುವುದೇ ಗಾಳಿಯನ್ನು ಹಿಡಿದು ಮೇಲೇಳಲಿಕ್ಕೆ. ಬಯಲಿನಲ್ಲಿ ಜಾಕ್ ಮೇಲೆ ನಿಂತಾಗ ಒಂದು ಜೋರು ಗಾಳಿ ಬಂದರೂ ಸಾಕು. ಆಮೇಲೆ ಕಾಕ್‌ಪಿಟ್ಟಿನಲ್ಲಿ ಎಂಜಿನ್ ಸ್ವಿಚ್ ಆಫ್ ಇದೆಯೇ ಎಂದು ನೋಡಿ, ಕೀಲಿ ತೆಗೆದು ಎದುರಿಗೆ ಕಾಣುವ ಹಾಗೆ ಇಡುತ್ತೇವೆ. ಎರಡೂ ರೆಕ್ಕೆಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇದೆ. ಒಂದು ಬದಿ ಎತ್ತಿದರೆ ಆಚೆ ಟ್ಯಾಂಕಿಗೆ ಪೆಟ್ರೋಲ್ ಹರಿದುಹೋಗಬಾರದೆಂದು ಅದರ ಗುಬುಟನ್ನು ‘ಎರಡೂ’ ಎಂಬಲ್ಲಿಂದ ಒಂದು ಬದಿಗೆ ತಿರುಗಿಸುತ್ತೇವೆ. ಒಳಗೆ ಯಾರೂ ಕೂತಿರಬಾರದು, ಬಾಲಕ್ಕೆ ಯಾರೂ ಒರಗಬಾರದು. ಉಳಿದೆರಡು ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡ್ಡಗಟ್ಟೆ. ಪಾರ್ಕಿಂಗ್ ಬ್ರೇಕನ್ನು ನಂಬಿ ಕೂರುವಂತಿಲ್ಲ, ಏಕೆಂದರೆ ಅದು ಹಿಡಿದಿದ್ದರೆ ನಾವು ಬಿಚ್ಚಬೇಕಾದ ಚಕ್ರವೇ ಹೊರಬರುವುದಿಲ್ಲ.

ಇನ್ನು ಜಾಕ್ ಎಲ್ಲಿಗೆ? ಜೀಪಿನಲ್ಲಿ ಆಕ್ಸಲ್‌ಗೋ ಚಾಸಿಗೋ ಕೊಡುತ್ತೇವೆ, ಎರಡೂ ಕಬ್ಬಿಣದ ದಿಮ್ಮಿಗಳಂಥವು. ವಿಮಾನದ ಮೈ ತೆಳು ಅಲ್ಯೂಮಿನಿಯಂ ತಗಡು. ಬಾಗಿಲ ಕೆಳಗಿನ ಅಂಚು ನೋಡಲಿಕ್ಕೆ ಗಟ್ಟಿ ಕಾಣುತ್ತದೆ, ಆದರೆ ಅಲ್ಲಿ ಕೊಡಲೇಬಾರದು. ಚಕ್ರದ ಪಕ್ಕದಲ್ಲಿ ಕೈಗೆ ಸಿಗುವ ಬ್ರೇಕಿನ ಎರಕದ ಭಾಗಕ್ಕೂ ಕೊಡಬಾರದು, ಬಿರುಕು ಬಿಡುತ್ತದೆ. ಇಡೀ ವಿಮಾನ ಎತ್ತುವುದಿದ್ದರೆ ರೆಕ್ಕೆಯ ಮುಂದಿನ ತೊಲೆಯ ಅಡಿಗೆ ಮೆತ್ತೆ ಹಾಕಿದ ಎತ್ತರದ ಜಾಕ್‌ಗಳನ್ನು ಕೊಡುತ್ತಾರೆ. ಒಂದೇ ಚಕ್ರಕ್ಕೆ ಅಷ್ಟೆಲ್ಲ ಬೇಡ. ಚಕ್ರದ ಕಾಲಿಗೆ ಹಿಡಿಯುವ ಹಾಗೆ ಮಾಡಿದ ಒಂದು ತುಂಡು ಬರುತ್ತದೆ. ಅದನ್ನು ಕಾಲಿನ ಕೆಳತುದಿಗೆ ಬಿಗಿದು, ಅದರಡಿಗೆ ಸಣ್ಣ ಹೈಡ್ರಾಲಿಕ್ ಜಾಕ್ ಇಡುತ್ತೇವೆ. ಪಾಸ್ಕಲನ ನಿಯಮ ಎಂದು ನೀವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೀರಲ್ಲ, ಅದೇ ಜಾಕ್.

ತೊಡಕು ಶುರುವಾಗುವುದು ಇಲ್ಲಿಂದ. ಸೆಸ್ನಾದ ಮುಖ್ಯ ಚಕ್ರಗಳ ಕಾಲಿಗೆ ಬೇರೆ ಸ್ಪ್ರಿಂಗ್ ಇಲ್ಲ, ಶಾಕ್ ಅಬ್ಸಾರ್ಬರ್ ಇಲ್ಲ. ಕಾಲೇ ಸ್ಪ್ರಿಂಗ್. ಸ್ಟೀವ್ ವಿಟ್‌ಮನ್ ಎಂಬ ಅಮೆರಿಕದ ರೇಸ್ ವಿಮಾನಗಾರ ಲಾರಿಯ ಕಮಾನುಪಟ್ಟಿಯಂಥ ಉಕ್ಕಿನ ಪಟ್ಟಿಯನ್ನೇ ಕಾಲಾಗಿ ಬಳಸುವ ಉಪಾಯ ಕಂಡುಹಿಡಿದ. 1940ರ ದಶಕದಲ್ಲಿ ಸೆಸ್ನಾ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು. ಈಚಿನ 172ಗಳಲ್ಲಿ ಪಟ್ಟಿಯ ಬದಲು ಉಕ್ಕಿನ ಕೊಳವೆ ಬಂದಿದೆ, ತತ್ವ ಅದೇ. ಭಾರ ಬಿದ್ದಾಗ ಎರಡೂ ಕಾಲುಗಳು ಹೊರಕ್ಕೆ ಅಗಲಿಕೊಳ್ಳುತ್ತವೆ, ಭಾರ ಹೋದಾಗ ಒಳಕ್ಕೆ ಬರುತ್ತವೆ. ಕಾಲು ಅಗಲಿಸಿ ನಿಂತವನನ್ನು ಕಂಕುಳಿಗೆ ಕೈ ಹಾಕಿ ಎತ್ತಿದರೆ ಅವನ ಕಾಲು ಹತ್ತಿರ ಬರುವುದಿಲ್ಲವೇ, ಹಾಗೆ.

ಈಗ ಆ ಕಾಲಿನ ತುದಿಗೇ ಜಾಕ್ ಕೊಟ್ಟು ಎತ್ತುತ್ತಿದ್ದೇವೆ. ಭಾರ ಕಡಿಮೆಯಾದಂತೆ ಚಕ್ರ ವಿಮಾನದ ಒಳಬದಿಗೆ ಜರುಗುತ್ತದೆ. ಜಾಕಿನ ತಲೆಯೂ ಅದರ ಜೊತೆ ಹೋಗುತ್ತದೆ, ಬುಡ ಮಾತ್ರ ನೆಲದ ಮೇಲೆ ಇದ್ದಲ್ಲೇ ಇರುತ್ತದೆ. ನೇರವಾಗಿ ನಿಂತಿದ್ದ ಜಾಕ್ ನೋಡನೋಡುತ್ತಿದ್ದಂತೆ ವಾಲುತ್ತದೆ. ನಾನು ಮೊದಲ ಸಲ ಲಿವರ್ ಒತ್ತುತ್ತಿದ್ದಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ನಮ್ಮ ಸೀನಿಯರ್ ಎಂಜಿನಿಯರ್ ಚಕ್ರವನ್ನು ನೋಡುತ್ತಲೇ ಇರಲಿಲ್ಲ, ಜಾಕಿನ ಬುಡವನ್ನೇ ನೋಡುತ್ತಿದ್ದರು. ಅದು ಸ್ವಲ್ಪ ವಾಲಿದ್ದೇ ತಡ, “ನಿಲ್ಸು. ಪೂರ್ತಿ ಇಳ್ಸು” ಎಂದರು. ಇಳಿಸಿದೆ. ಜಾಕನ್ನು ಒಳಕ್ಕೆ ಸರಿಸಿ ಮತ್ತೆ ನೇರ ನಿಲ್ಲಿಸಿದೆವು. ಕಾಲು ಅಷ್ಟರಲ್ಲಿ ಅರ್ಧ ಒಳಕ್ಕೆ ಬಂದು, ಟೈರಿನ ಹಿಡಿತದಿಂದ ಅಲ್ಲೇ ನಿಂತಿತ್ತು. ಎರಡನೇ ಸಲ ಎತ್ತಿದಾಗ ಜಾಕ್ ನೆಟ್ಟಗೇ ಇತ್ತು. ಸೆಸ್ನಾ ಕಂಪನಿಯ ಕೈಪಿಡಿಯೂ ಇದನ್ನೇ ಎಚ್ಚರಿಕೆಯಾಗಿ ಬರೆದಿದೆ: ಚಕ್ರ ಒಳಕ್ಕೆ ಜಾರಿ ಜಾಕ್ ವಾಲುತ್ತದೆ, ಇಳಿಸಿ ಮತ್ತೊಮ್ಮೆ ಎತ್ತಬೇಕು, ಎರಡೂ ಚಕ್ರಗಳನ್ನು ಈ ರೀತಿ ಒಟ್ಟಿಗೆ ಎತ್ತಲೇಬಾರದು. ‘ಇನ್ನೊಂದು ಇಂಚು ತಾನೆ’ ಎಂದು ವಾಲಿದ ಜಾಕನ್ನೇ ಒತ್ತುತ್ತಾ ಹೋದರೆ ಅದು ಒಂದು ಹಂತದಲ್ಲಿ ಜಾರಿ ಬೀಳುತ್ತದೆ. ಆಗ 270 ಕೆ.ಜಿ. ಬಂದು ಕೂರುವುದು ಕೈಯ ಮೇಲೋ ಬ್ರೇಕಿನ ಮೇಲೋ ಹೇಳಲಾಗದು. ಟೈರ್ ನೆಲ ಬಿಟ್ಟು ಒಂದೆರಡು ಬೆರಳು ಮೇಲೆ ಬಂದರೆ ಸಾಕು, ಅದಕ್ಕಿಂತ ಎತ್ತುವುದು ಶೋಕಿ.

ಎತ್ತಿದ ಮೇಲಿನ ಕೆಲಸ ಚುರುಕಾಗಿ ಸಾಗುತ್ತದೆ. ಬ್ರೇಕಿನ ಹಿಂದಿನ ಫಲಕದ ಬೋಲ್ಟ್ ಬಿಚ್ಚಿ, ಆಕ್ಸಲ್ ನಟ್ಟಿನ ಕಾಟರ್ ಪಿನ್ ತೆಗೆದು, ನಟ್ ಬಿಚ್ಚಿದರೆ ಚಕ್ರ ಕೈಗೆ ಬರುತ್ತದೆ. ಆ ಹೊತ್ತಿನಲ್ಲಿ ಕಾಕ್‌ಪಿಟ್ಟಿನ ಬ್ರೇಕ್ ಪೆಡಲನ್ನು ಯಾರಾದರೂ ತುಳಿದರೆ ಬ್ರೇಕಿನ ಪಿಸ್ಟನ್ ಹೊರಗೆ ಚಿಮ್ಮಿ ಎಣ್ಣೆಯೆಲ್ಲ ನೆಲದ ಪಾಲು. ಒಳಗೆ ಯಾರೂ ಇರಬಾರದು ಎಂದದ್ದಕ್ಕೆ ಇದೂ ಒಂದು ಕಾರಣ.

ಚಕ್ರ ಕೈಗೆ ಬಂದ ಮೇಲೆ ಊರಿನ ಪಂಚರ್ ಅಂಗಡಿಯ ಕಾಕನ ಕೈಚಳಕ ಇಲ್ಲಿ ನಡೆಯುವುದಿಲ್ಲ. ಕಾರಿನ ರಿಮ್ ಒಂದೇ ತುಂಡು, ಅದರ ಅಂಚಿಗೆ ಕಬ್ಬಿಣದ ಸಲಾಕೆ ತೂರಿಸಿ ಟೈರನ್ನು ಎಬ್ಬಿಸುತ್ತಾರೆ. ಹಗುರ ವಿಮಾನದ ರಿಮ್ ಎರಡು ಅರ್ಧಗಳದ್ದು, ಸಾಂಬಾರ್ ಬಟ್ಟಲು ಎರಡನ್ನು ಬೆನ್ನಿಗೆ ಬೆನ್ನು ಕೂರಿಸಿದಂತೆ. ಉದ್ದ ಬೋಲ್ಟ್‌ಗಳು ಅವನ್ನು ಹಿಡಿದಿಟ್ಟಿವೆ. ಬೋಲ್ಟ್ ಬಿಚ್ಚಿದರೆ ಎರಡೂ ಬೇರೆಯಾಗುತ್ತವೆ, ಟೈರ್ ತಾನಾಗಿ ಹೊರಬರುತ್ತದೆ. ಸುಲಭ. ಸುಲಭವಾದ್ದರಿಂದಲೇ ಅಪಾಯ.

ಒಳಗೆ ಗಾಳಿ ಇರುವಾಗಲೇ ಬೋಲ್ಟ್ ಬಿಚ್ಚಿದರೆ ಏನಾಗುತ್ತದೆ? ಟೈರಿನ ಒಂದು ಬದಿಯಿಂದ ರಿಮ್ಮನ್ನು ಹೊರಕ್ಕೆ ತಳ್ಳುವ ವಿಸ್ತೀರ್ಣ ಸುಮಾರು 500 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒತ್ತಡ 3 ಕೆ.ಜಿ. ಗುಣಿಸಿದರೆ 1500 ಕೆ.ಜಿ. ಇಡೀ ವಿಮಾನದ ಖಾಲಿ ತೂಕಕ್ಕೆ ಎರಡು ಪಟ್ಟು ಬಲ ಆ ಕೆಲವೇ ಬೋಲ್ಟ್‌ಗಳ ಮೇಲಿದೆ. ಒಂದೆರಡು ಬಿಚ್ಚುವಷ್ಟರಲ್ಲಿ ಉಳಿದದ್ದು ತಡೆಯಲಾರದೆ ಕಿತ್ತು, ಅರ್ಧ ರಿಮ್ ಬಾಗಿ ನೋಡುತ್ತಿರುವವನ ಮುಖಕ್ಕೇ ಬರುತ್ತದೆ. ಜಗತ್ತಿನ ಹ್ಯಾಂಗರುಗಳಲ್ಲಿ ಹೀಗೆ ಜೀವ ಹೋದದ್ದುಂಟು. ಆದ್ದರಿಂದ ನಮಗೆ ಕಲಿಸುವ ಕ್ರಮ ಒಂದೇ: ಮೊದಲು ಗಾಳಿ ಬಿಡು, ಆಮೇಲೆ ವಾಲ್ವ್ ಪಿನ್ನನ್ನೇ ತಿರುಗಿಸಿ ಹೊರತೆಗೆ, ಅದು ನಿನ್ನ ಎದುರು ಮೇಜಿನ ಮೇಲೆ ಕಾಣುತ್ತಿರಲಿ, ಅಲ್ಲಿಯವರೆಗೆ ಬೋಲ್ಟ್ ಮುಟ್ಟಬೇಡ. ಟೈರ್ ಮೆತ್ತಗಿದೆ, ಗಾಳಿ ಹೋಗಿರಬೇಕು ಎಂಬ ಅಂದಾಜಿಗೆ ಇಲ್ಲಿ ಬೆಲೆಯಿಲ್ಲ. ನಿಮ್ಮಲ್ಲಿ ಯಾರಾದರೂ ಮುಂದೆ ಲಾರಿ ಗ್ಯಾರೇಜಿಗೆ ಹೋದರೂ ಇದನ್ನು ನೆನಪಿಟ್ಟುಕೊಳ್ಳಿ, ಬಿಡಿಬಿಡಿಯಾಗುವ ರಿಮ್ ಅಲ್ಲಿಯೂ ಇದೆ.

ಅಂಟಿಕೊಂಡ ಟೈರನ್ನು ರಿಮ್ಮಿನಿಂದ ಬಿಡಿಸಲು ಸ್ಕ್ರೂ ಡ್ರೈವರ್ ತೂರಿಸುವ ಆಸೆಯಾಗುತ್ತದೆ. ಬೇಡ. ಮೆತ್ತನೆ ಲೋಹದ ರಿಮ್ಮಿನ ಮೇಲೆ ಬಿದ್ದ ಗೀರಿನಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ಸುತ್ತಲೂ ಸಮನಾಗಿ ಒತ್ತಿ, ತಾಳ್ಮೆಯಿಂದ ಬಿಡಿಸಬೇಕು.

ಹೊಸದನ್ನು ಕೂರಿಸುವಾಗ ಟ್ಯೂಬಿಗೆ ಟಾಲ್ಕ್ ಪುಡಿ ಸವರುತ್ತೇವೆ. ಟೈರಿನ ಮೇಲಿನ ಕೆಂಪು ಚುಕ್ಕೆ ಅದರ ಹಗುರವಾದ ಬದಿಯ ಗುರುತು, ಅದನ್ನು ಟ್ಯೂಬಿನ ಭಾರದ ಬದಿಯ ಗುರುತಿಗೋ, ಗುರುತಿಲ್ಲದಿದ್ದರೆ ವಾಲ್ವಿಗೋ ಹೊಂದಿಸುತ್ತೇವೆ. ರಿಮ್ಮಿನ ಎರಡು ಅರ್ಧಗಳ ನಡುವೆ ಟ್ಯೂಬ್ ಸಿಕ್ಕಿಕೊಳ್ಳದಂತೆ ನೋಡಿ, ಬೋಲ್ಟ್‌ಗಳನ್ನು ಟಾರ್ಕ್ ರೆಂಚಿನಲ್ಲಿ ಕೈಪಿಡಿ ಹೇಳಿದ ಅಳತೆಗೆ ಬಿಗಿಯುತ್ತೇವೆ, ಕೈಯಂದಾಜಿಗಲ್ಲ. ಗಾಳಿ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಬೇಕು. ಮೊದಲ ಸಲ ಟ್ಯೂಬಿನಲ್ಲಿ ಉಳಿದ ಸುಕ್ಕು ಎರಡನೇ ಸಲ ಬಿಚ್ಚಿಕೊಳ್ಳುತ್ತದೆ. ಬೇರಿಂಗ್ ತೊಳೆದು ಹೊಸ ಗ್ರೀಸ್, ಆಕ್ಸಲ್ ನಟ್ಟಿಗೆ ಹೊಸ ಕಾಟರ್ ಪಿನ್. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ನಮ್ಮೂರ ಮಿತವ್ಯಯಕ್ಕೆ ಇಲ್ಲಿ ಜಾಗವಿಲ್ಲ.

ಇಷ್ಟಾದರೂ ವಿಮಾನ ಹಾರುವಂತಿಲ್ಲ. ಯಾವ ಟೈರ್ ತೆಗೆದೆವು, ಯಾವುದು ಹಾಕಿದೆವು, ಕೈಪಿಡಿಯ ಯಾವ ಭಾಗದಂತೆ ಮಾಡಿದೆವು ಎಂದೆಲ್ಲ ಬರೆದು, ಲೈಸೆನ್ಸ್ ಇರುವ ನಿರ್ವಹಣಾ ಎಂಜಿನಿಯರ್ ಸಹಿ ಹಾಕಬೇಕು. ಮರುದಿನ ಬೆಳಿಗ್ಗೆ ಆ ವಿಮಾನದಲ್ಲಿ ಒಬ್ಬನೇ ಹಾರುವವನು ನಿಮ್ಮ ವಯಸ್ಸಿನವನೇ ಇರಬಹುದು. ಅವನು ಟೈರ್ ನೋಡುತ್ತಾನೆ, ಸಹಿ ನೋಡುತ್ತಾನೆ, ರಿಮ್ಮಿನ ಒಳಗಿನದ್ದು ಅವನಿಗೆ ಕಾಣುವುದಿಲ್ಲ.

ಆ ಸಹಿ ಹಾಕುವ ಹಕ್ಕು ಪಡೆಯುವುದು ಹೇಗೆ ಎಂದು ಕೆಲವರು ಕೇಳಿದ್ದೀರಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ ತರಬೇತಿ, ಡಿಜಿಸಿಎ ನಡೆಸುವ ಪರೀಕ್ಷೆಗಳು, ಜೊತೆಗೆ ಹ್ಯಾಂಗರಿನಲ್ಲಿ ಕೆಲಸದ ಅನುಭವ ಬೇಕು. ಸೆಸ್ನಾದಂಥ ಪಿಸ್ಟನ್ ಎಂಜಿನ್ ವಿಮಾನಗಳಿಗೆ ಬಿ1.2 ಎಂಬ ವರ್ಗದ ಲೈಸೆನ್ಸ್, ಜೆಟ್‌ಗಳಿಗೆ ಬಿ1.1. ಫೀಸು ಕಡಿಮೆಯಲ್ಲ. ಆದ್ದರಿಂದ ಬಣ್ಣದ ಜಾಹೀರಾತು ನೋಡಿ ಹಣ ಕಟ್ಟುವ ಮೊದಲು ಆ ಸಂಸ್ಥೆಯ ಹೆಸರು ಡಿಜಿಸಿಎ ಮಾನ್ಯತಾ ಪಟ್ಟಿಯಲ್ಲಿ ಇದೆಯೇ ಎಂದು ಮನೆಯವರನ್ನು ಕೂರಿಸಿಕೊಂಡು ನೋಡಿ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ 2023ರಲ್ಲಿ ಶಿವಮೊಗ್ಗದಲ್ಲೇ ತೆರೆದಿದೆ. ವಿಮಾನ ಈಗ ಮಲೆನಾಡಿಗೆ ಅಷ್ಟು ದೂರದ ಮಾತಲ್ಲ.

ಕೊನೆಗೊಂದು ವಿಷಯ ಬಿಟ್ಟುಹೋಯಿತು. ಜಾಕ್ ಇಳಿಸಿದ ಮೇಲೆ ನೋಡಿದರೆ ವಿಮಾನ ಆ ಬದಿಗೆ ಸ್ವಲ್ಪ ಎತ್ತರವಾಗಿ ನಿಂತಿರುತ್ತದೆ. ಹೊಸಬರಿಗೆ ಗಾಬರಿಯಾಗುತ್ತದೆ. ಕಾಲು ಮತ್ತೆ ಹೊರಕ್ಕೆ ಅಗಲಿಕೊಳ್ಳದಂತೆ ಟೈರ್ ನೆಲ ಹಿಡಿದಿರುತ್ತದೆ, ಅಷ್ಟೇ. ಅಡ್ಡಗಟ್ಟೆ ತೆಗೆದು, ಪ್ರೊಪೆಲ್ಲರ್ ಮುಟ್ಟದೆ, ರೆಕ್ಕೆಯ ಆಸರೆ ಕಂಬ ಹಿಡಿದು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ತಳ್ಳಿದರೆ ರೆಕ್ಕೆಗಳೆರಡೂ ಸಮನಾಗುತ್ತವೆ.